1,600 ಶೇರ್ಡ್ ವೇರಿಯಬಲ್‌ಗಳು: ಲ್ಯಾಬ್‌ವ್ಯೂ ಜೊತೆ 9 ವರ್ಷ

ಪಂಪುಗಳನ್ನು ಪರೀಕ್ಷಿಸುವ ಒಂದು ದೊಡ್ಡ ವ್ಯವಸ್ಥೆಯ ನಿಯಂತ್ರಣ ತಂತ್ರಾಂಶವನ್ನು ನಾನು 9 ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದನ್ನು ಬರೆದಿರುವುದು ಲ್ಯಾಬ್‌ವ್ಯೂನಲ್ಲಿ, ಅಂದರೆ ಸಾಲುಗಳ ಬದಲು ಚಿತ್ರಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ತಂತ್ರಾಂಶದಲ್ಲಿ. ಒತ್ತಡ, ಹರಿವು, ಉಷ್ಣತೆ, ವಾಲ್ವ್‌ಗಳ ಸ್ಥಿತಿ, ಅಲಾರಂ, ಆಪರೇಟರ್ ಕೊಡುವ ಸೆಟ್‌ಪಾಯಿಂಟ್ (ತಲುಪಬೇಕಾದ ಗುರಿಯ ಅಂಕಿ) ಹೀಗೆ ಎಲ್ಲವೂ ಶೇರ್ಡ್ ವೇರಿಯಬಲ್‌ಗಳಾಗಿ, ಅಂದರೆ ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಓದಿ ಬರೆಯುವ ಹೆಸರಿಟ್ಟ ಅಂಕಿಗಳಾಗಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಾಡುತ್ತವೆ. ಆರಂಭದಲ್ಲಿ ಇದ್ದದ್ದು 40, ಈಗ 1,600ರ ಆಸುಪಾಸಿನಲ್ಲಿವೆ. ಕೆಲವೇ ವೇರಿಯಬಲ್ ಇರುವಾಗ ಈ ಸೌಲಭ್ಯ ಹೇಗಿರುತ್ತದೆ ಎಂಬುದನ್ನು ಯಾವ ಪರಿಚಯ ಲೇಖನದಲ್ಲಿಯೂ ಓದಬಹುದು. ಅವು ಸಾವಿರ ದಾಟಿದ ಮೇಲೆ ಏನಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಶೇರ್ಡ್ ವೇರಿಯಬಲ್ ಬಂದದ್ದು 2005ರಲ್ಲಿ, ಲ್ಯಾಬ್‌ವ್ಯೂ 8.0 ಆವೃತ್ತಿಯೊಡನೆ. ಒಂದೇ ಯಂತ್ರದೊಳಗೆ ಬಳಸುವ ಬಗೆಯೂ ಉಂಟು, ಆದರೆ ನಮ್ಮಂಥವರಿಗೆ ಮುಖ್ಯವಾದದ್ದು ನೆಟ್‌ವರ್ಕ್‌ಗೆ ಪ್ರಕಟವಾಗುವ ಬಗೆ. ಪ್ರತಿ ವೇರಿಯಬಲ್ ಒಂದು ಲೈಬ್ರರಿಯೊಳಗೆ, ಅಂದರೆ ವೇರಿಯಬಲ್‌ಗಳ ಒಂದು ಗುಂಪಿನೊಳಗೆ, ಇರುತ್ತದೆ. ಲೈಬ್ರರಿಯನ್ನು ಡಿಪ್ಲಾಯ್ ಮಾಡಿದಾಗ (ಒಂದು ಯಂತ್ರದಲ್ಲಿ ಚಾಲನೆಗೆ ಬಿಟ್ಟಾಗ) ಶೇರ್ಡ್ ವೇರಿಯಬಲ್ ಎಂಜಿನ್ ಎಂಬ ಹಿನ್ನೆಲೆ ಸೇವೆ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು, ಕಂಪ್ಯೂಟರಿನ ಹೆಸರು, ಲೈಬ್ರರಿಯ ಹೆಸರು, ವೇರಿಯಬಲ್‌ನ ಹೆಸರು ಈ ಮೂರೂ ಸೇರಿದ ವಿಳಾಸದಲ್ಲಿ ಅದರ ಬೆಲೆಯನ್ನು (ಆ ಹೊತ್ತಿನ ಅಂಕಿಯನ್ನು) ಇಟ್ಟುಕೊಂಡಿರುತ್ತದೆ. ಬರೆಯುವವನೂ ಓದುವವನೂ ಮಾತಾಡುವುದು ಎಂಜಿನ್ ಜೊತೆ, ಪರಸ್ಪರ ಅಲ್ಲ. ಮುಂದೆ ಹೇಳುವ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಈ ಒಂದು ಸಂಗತಿಯೇ ಮೂಲ.

ಹೊಸ ವೇರಿಯಬಲ್ ಮಾಡುವುದು ಎಷ್ಟು ಸುಲಭವೆಂದರೆ, ಯಾರೂ ಎರಡು ಸಲ ಯೋಚಿಸುವುದಿಲ್ಲ. ಪ್ರಾಜೆಕ್ಟ್ ಮರದಲ್ಲಿ ಒಂದು ಕ್ಲಿಕ್, ಹೆಸರು, ಡೇಟಾ ಟೈಪ್. ಅಲ್ಲಿಂದ ಎಳೆದು ಬ್ಲಾಕ್ ಡಯಾಗ್ರಾಮ್ (ಪ್ರೋಗ್ರಾಮಿನ ಚಿತ್ರ) ಮೇಲೆ ಬಿಟ್ಟರೆ ಕೆಲಸ ಮುಗಿಯಿತು. ಸಾಕೆಟ್, ಪೋರ್ಟ್, ಸಂದೇಶದ ರಚನೆ ಯಾವುದರ ಗೊಡವೆಯೂ ಇಲ್ಲ. ಹನಿಹನಿಗೂಡಿದರೆ ಹಳ್ಳ ಎಂಬುದು ನಮ್ಮಲ್ಲಿ ಅಕ್ಷರಶಃ ನಡೆಯಿತು. ಎರಡು ವರ್ಷಗಳಲ್ಲಿ ಒಂದೇ ಲೈಬ್ರರಿಯಲ್ಲಿ ‘ಟೆಂಪ್1’, ‘ಟೆಂಪ್_2’, ‘ಟೆಂಪ್2_ಹೊಸ’, ‘ಟೆಂಪ್2_ಹೊಸ_ಸರಿ’ ಎಂಬ ನಾಲ್ಕು ವೇರಿಯಬಲ್‌ಗಳು ಅಕ್ಕಪಕ್ಕ ಕುಳಿತಿದ್ದವು. ಅವುಗಳಲ್ಲಿ ಎರಡನ್ನು ಯಾರೂ ಓದುತ್ತಿರಲಿಲ್ಲ, ಒಂದಕ್ಕೆ ಯಾರೂ ಬರೆಯುತ್ತಿರಲಿಲ್ಲ. (ಕೊನೆಯ ಹೆಸರು ಇಟ್ಟವನು ನಾನೇ.)

ಈ ಹಂತದಲ್ಲಿ ನಮ್ಮನ್ನು ಉಳಿಸಿದ್ದು ಮಲ್ಟಿಪಲ್ ವೇರಿಯಬಲ್ ಎಡಿಟರ್. ವೇರಿಯಬಲ್‌ಗಳನ್ನು ಒಂದೊಂದಾಗಿ ತೆರೆಯುವ ಬದಲು ಅದು ಇಡೀ ಲೈಬ್ರರಿಯನ್ನು ಕೋಷ್ಟಕದಂತೆ ತೋರಿಸುತ್ತದೆ: ಪ್ರತಿ ವೇರಿಯಬಲ್‌ಗೆ ಒಂದು ಸಾಲು, ಪ್ರತಿ ಗುಣಕ್ಕೆ ಒಂದು ಕಾಲಂ. ಒಂದು ಸೆಟ್ಟಿಂಗ್ ಅನ್ನು 200 ಸಾಲುಗಳಿಗೆ ಒಮ್ಮೆಗೇ ಹರಡಬಹುದು, ಸಿಎಸ್‌ವಿ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಹುದಾದ ಪಠ್ಯ) ಕಡತವಾಗಿ ಹೊರತೆಗೆದು ತಿದ್ದಿ ಮತ್ತೆ ಒಳತರಬಹುದು. ನಾವು ಈಗ ಆ ಕಡತವನ್ನೇ ಮೂಲವೆಂದು ನಡೆಸುತ್ತೇವೆ. ಹೊಸ ವೇರಿಯಬಲ್ ಬೇಕಾದವರು ಮೊದಲು ಶೀಟ್‌ನಲ್ಲಿ ಸಾಲು ಸೇರಿಸಬೇಕು. ಹೆಸರಿನಲ್ಲಿ ವಿಭಾಗ, ಉಪಕರಣದ ಸಂಖ್ಯೆ, ಅಳತೆ ಇವು ಇದೇ ಕ್ರಮದಲ್ಲಿ ಬರಬೇಕು. ಅದರ ಜೊತೆಗೆ ಎಡಿಟರಿಗೆ ಬೇಡದ, ನಮಗೆ ಮಾತ್ರ ಬೇಕಾದ ಎರಡು ಕಾಲಂಗಳನ್ನು ತುಂಬಬೇಕು: ‘ಬರೆಯುವವರು ಯಾರು’ ಮತ್ತು ‘ಓದುವವರು ಯಾರು’. ಒಳತರುವ ಮುನ್ನ ಒಂದು ಸಣ್ಣ ಸ್ಕ್ರಿಪ್ಟ್ ಆ ಎರಡನ್ನೂ ಕತ್ತರಿಸಿ ಹಾಕುತ್ತದೆ. ನನ್ನ ಅನುಭವದಲ್ಲಿ ಇಡೀ ವ್ಯವಸ್ಥೆಯ ಬೆಲೆ ಇರುವುದು ಈ ಎರಡು ಕಾಲಂಗಳಲ್ಲಿ. ವೇರಿಯಬಲ್‌ನ ಡೇಟಾ ಟೈಪ್ ಏನು ಎಂದು ತಂತ್ರಾಂಶವನ್ನು ಕೇಳಿದರೆ ಹೇಳುತ್ತದೆ. ಅದು ಯಾರ ಸ್ವತ್ತು ಎಂಬುದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಅದನ್ನು ಬರೆದಿಟ್ಟುಕೊಳ್ಳದಿದ್ದ ಕಾಲದ ಒಂದು ಘಟನೆ ಇದು. ಲೈಬ್ರರಿ ಮೊದಲು ನನ್ನ ಮೇಜಿನ ಕಂಪ್ಯೂಟರಿನಲ್ಲಿ ಡಿಪ್ಲಾಯ್ ಆಗಿತ್ತು. ಅದನ್ನು ಪ್ರತ್ಯೇಕ ಸರ್ವರ್‌ಗೆ ಸ್ಥಳಾಂತರಿಸಿದೆ, ಬರೆಯುವ ಪ್ರೋಗ್ರಾಮ್‌ಗಳನ್ನೆಲ್ಲ ಹೊಸ ವಿಳಾಸಕ್ಕೆ ತಿರುಗಿಸಿದೆ, ಹಳೆಯ ಯಂತ್ರದಿಂದ ಲೈಬ್ರರಿಯನ್ನು ಅನ್‌ಡಿಪ್ಲಾಯ್ ಮಾಡುವುದನ್ನು ಮಾತ್ರ ಮರೆತೆ. ಆಪರೇಟರ್ ನೋಡುವ ಪರದೆಗಳಲ್ಲಿ ಒಂದು ಹಳೆಯ ವಿಳಾಸವನ್ನೇ ಓದುತ್ತಿತ್ತು. ಆ ಪರದೆಯ ಮೇಲೆ ಪಂಪಿನ ಒತ್ತಡ 4.2 ಬಾರ್ ಎಂದು ನಿಂತುಬಿಟ್ಟಿತು. ಬರೆಯುವವರು ಇಲ್ಲದಿದ್ದರೂ ಎಂಜಿನ್ ತನ್ನಲ್ಲಿರುವ ಕೊನೆಯ ಬೆಲೆಯನ್ನು ಕೇಳಿದವರಿಗೆಲ್ಲ ಕೊಡುತ್ತಲೇ ಇರುತ್ತದೆ, ಅದರ ದೃಷ್ಟಿಯಲ್ಲಿ ಇದು ದೋಷವೇ ಅಲ್ಲ. ಒತ್ತಡ ಕದಲುತ್ತಿಲ್ಲವೆಂದು ನಾವು ಸೆನ್ಸರ್ ಬದಲಿಸಿದೆವು, ಕೇಬಲ್ ಬದಲಿಸಿದೆವು; ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ಎರಡು ದಿನಗಳ ನಂತರ ನನ್ನ ಕಂಪ್ಯೂಟರನ್ನು ಬೇರಾವುದೋ ಕಾರಣಕ್ಕೆ ರೀಸ್ಟಾರ್ಟ್ ಮಾಡಿದ ಕೂಡಲೇ ಆ ಪರದೆಯಲ್ಲಿ ಒತ್ತಡ ಸೊನ್ನೆಯಾಯಿತು, ಪಂಪು ಮಾತ್ರ ಪಕ್ಕದಲ್ಲೇ ಸದ್ದು ಮಾಡುತ್ತಾ ಓಡುತ್ತಿತ್ತು. ಆಗ ಗೊತ್ತಾಯಿತು. ಅಷ್ಟಾದರೂ ಹಳೆಯ ಲೈಬ್ರರಿ ಹೋಗಿರಲಿಲ್ಲ. ಡಿಪ್ಲಾಯ್ ಆದದ್ದು ಯಂತ್ರ ರೀಸ್ಟಾರ್ಟ್ ಆದ ಮೇಲೂ ಎಂಜಿನ್ ಜೊತೆ ಎದ್ದು ಬರುತ್ತದೆ, ನಾವಾಗಿ ತೆಗೆಯುವವರೆಗೆ.

ಅಂದಿನಿಂದ ಬರೆಯುವ ಪ್ರತಿ ಪ್ರೋಗ್ರಾಮ್‌ಗೂ ಒಂದು ‘ನಾಡಿ’ ವೇರಿಯಬಲ್ ಇಟ್ಟಿದ್ದೇವೆ. ಅದು ಸೆಕೆಂಡಿಗೊಮ್ಮೆ ಒಂದರಂತೆ ಏರುತ್ತದೆ. 5 ಸೆಕೆಂಡ್ ಏರದಿದ್ದರೆ ಆ ಪ್ರೋಗ್ರಾಮಿಗೆ ಸೇರಿದ ಎಲ್ಲ ಅಂಕಿಗಳೂ ಪರದೆಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತವೆ. ಟೈಮ್‌ಸ್ಟ್ಯಾಂಪ್ ಸೌಲಭ್ಯ ವೇರಿಯಬಲ್‌ನಲ್ಲಿಯೇ ಇದೆ, ಆದರೆ 1,600ರಲ್ಲಿ ಪ್ರತಿಯೊಂದರ ಸಮಯವನ್ನು ಹೋಲಿಸುವುದಕ್ಕಿಂತ 11 ನಾಡಿಗಳನ್ನು ಹಿಡಿದು ನೋಡುವುದು ಹಗುರ.

ಇನ್ನೊಂದು ತಪ್ಪು ಹೊಸಬರೆಲ್ಲ ಮಾಡುವಂಥದ್ದು. ಎರಡು ಪ್ರೋಗ್ರಾಮ್‌ಗಳು ಒಂದೇ ಎಣಿಕೆಯ ವೇರಿಯಬಲ್ ಅನ್ನು ಓದಿ, ಒಂದು ಕೂಡಿಸಿ, ಮರಳಿ ಬರೆಯುತ್ತಿದ್ದವು. ಇಬ್ಬರೂ 57 ಎಂದು ಓದಿ ಇಬ್ಬರೂ 58 ಎಂದು ಬರೆದರೆ ಒಂದು ಎಣಿಕೆ ಕಾಣೆಯಾಗುತ್ತದೆ, ಅದಕ್ಕೆ ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ. ಒಬ್ಬರೇ ಬರೆಯುವಂತೆ ನಿರ್ಬಂಧಿಸುವ ಆಯ್ಕೆ ವೇರಿಯಬಲ್‌ನ ಗುಣಗಳಲ್ಲೇ ಇದೆ. ನಾವು ಅದನ್ನು ಆಪರೇಟರ್ ಸೆಟ್‌ಪಾಯಿಂಟ್‌ಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಹಾಕಿದ್ದೇವೆ, ಹಾಕಿದ ವಾರದಲ್ಲೇ ನಮಗೇ ಗೊತ್ತಿರದ ಮೂರು ‘ಎರಡನೆಯ ಬರಹಗಾರರು’ ಸಿಕ್ಕಿಬಿದ್ದರು.

ವೇಗದ ಬಗ್ಗೆ ಒಂದು ಮಾತು. ಶೇರ್ಡ್ ವೇರಿಯಬಲ್ ಎಂದರೆ ಸೂಚನಾ ಫಲಕ. ಈಗಿನ ಸ್ಥಿತಿ ಏನು ಎಂದು ಕೇಳಿದರೆ ಹೇಳುತ್ತದೆ, ನಡುವೆ ಅಳಿಸಿ ಬರೆದದ್ದನ್ನೆಲ್ಲ ಒಪ್ಪಿಸುವ ಹೊಣೆ ಅದರದಲ್ಲ. ಬಫರ್ (ಬೆಲೆಗಳು ಸರದಿಯಲ್ಲಿ ಕಾಯುವ ಜಾಗ) ಹಾಕಬಹುದು, ಆದರೆ ಓದುವವನು ಹಿಂದೆ ಬಿದ್ದು ಬಫರ್ ತುಂಬಿದರೆ ಬೆಲೆಗಳು ಬಿದ್ದುಹೋಗುತ್ತವೆ. ಕಳುಹಿಸುವ ಕಡೆ 8 ಕಿಲೋಬೈಟ್ ತುಂಬುವವರೆಗೆ ಅಥವಾ 10 ಮಿಲಿಸೆಕೆಂಡ್ ಕಳೆಯುವವರೆಗೆ ಡೇಟಾ ಕೂಡಿಟ್ಟುಕೊಳ್ಳುವ ಏರ್ಪಾಡೂ ಇದೆ. ಸಣ್ಣ ಸಣ್ಣ ವೇರಿಯಬಲ್‌ಗಳು ಸಾವಿರಗಟ್ಟಲೆ ಇರುವಾಗ ಇದು ನೆಟ್‌ವರ್ಕ್‌ಗೆ ಉಪಕಾರಿ, ಒಂದೇ ಒಂದು ಆಜ್ಞೆ ತಕ್ಷಣ ತಲುಪಬೇಕಾದಾಗ ಅಡ್ಡಿ. ಕಂಪನದ ಅಲೆರೂಪವನ್ನು ನಾವು ಆರಂಭದಲ್ಲಿ ಇದರಲ್ಲೇ ತುರುಕಿ, ದಾಖಲೆಯಲ್ಲಿ ರಂಧ್ರಗಳನ್ನು ಕಂಡು, ಕೊನೆಗೆ 2010ರ ಆವೃತ್ತಿಯಿಂದ ಲಭ್ಯವಿರುವ ನೆಟ್‌ವರ್ಕ್ ಸ್ಟ್ರೀಮ್‌ಗೆ ಬದಲಾದೆವು. ಒಂದೂ ಬಿಡದೆ ತಲುಪಬೇಕಾದ ಡೇಟಾಕ್ಕೆ ಅದೇ ಸರಿಯಾದ ದಾರಿ.

ಉಳಿದ ಸಂಗತಿಗಳು ಚಿಕ್ಕವು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್‌ನ ಯಾವ ಯಂತ್ರದಲ್ಲಿ ಯಾವ ಲೈಬ್ರರಿ ಜೀವಂತವಾಗಿದೆ ಎಂದು ನೇರವಾಗಿ ಕಾಣುತ್ತದೆ. ಅದನ್ನು ಮೊದಲೇ ತೆರೆದು ನೋಡಿದ್ದರೆ ಮೇಲಿನ 4.2 ಬಾರ್ ಕಥೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ವಿಂಡೋಸ್ ಯಂತ್ರದಲ್ಲಿ ಅಲಾರಂ ಮತ್ತು ಇತಿಹಾಸದ ದಾಖಲೆ ಬೇಕೆಂದರೆ ಡಿಎಸ್‌ಸಿ (ಡೇಟಾಲಾಗಿಂಗ್ ಅಂಡ್ ಸೂಪರ್‌ವೈಸರಿ ಕಂಟ್ರೋಲ್) ಎಂಬ ಪ್ರತ್ಯೇಕ ಮಾಡ್ಯೂಲ್ ಬೇಕಾಗುತ್ತದೆ, ಯೋಜನೆ ಹಾಕುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಡಯಾಗ್ರಾಮ್ ಮೇಲೆ ನೂರಾರು ವೇರಿಯಬಲ್ ನೋಡ್‌ಗಳನ್ನು ಹರಡುವ ಬದಲು ವಿಳಾಸಗಳ ಪಟ್ಟಿಯನ್ನು ಕಡತದಿಂದ ಓದಿ ಒಂದೇ ಲೂಪ್‌ನಲ್ಲಿ ಸಂಪರ್ಕ ತೆರೆಯುವ ಫಂಕ್ಷನ್‌ಗಳೂ ಇವೆ. 100 ದಾಟಿದವರು ಅವುಗಳಿಗೆ ಬದಲಾಗುವುದು ಒಳ್ಳೆಯದು. ಹಾಗೆಯೇ ಪ್ರತಿ ನೋಡ್‌ನ ಎರರ್ ಟರ್ಮಿನಲ್‌ಗೆ ವೈರ್ ಎಳೆಯಿರಿ. ಸೋಮಾರಿತನದಿಂದ ಬಿಟ್ಟ ಒಂದೊಂದು ವೈರ್‌ಗೂ ನಾವು ಒಂದೊಂದು ಸಂಜೆ ತೆತ್ತಿದ್ದೇವೆ.

ಇಷ್ಟೆಲ್ಲ ಆದ ಮೇಲೂ ಬೇರೆ ವ್ಯವಸ್ಥೆಗೆ ಹೋಗುವ ಯೋಚನೆ ನನಗಿಲ್ಲ. ನಿಧಾನವಾಗಿ ಬದಲಾಗುವ ಸ್ಥಿತಿಗತಿ, ಹಲವು ಪರದೆಗಳು, ಕೆಲವೇ ಬರಹಗಾರರು ಇರುವ ಕಡೆ ಇದಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಆಜ್ಞೆಗಳ ಸರಣಿಯನ್ನೋ ವೇಗದ ಅಲೆರೂಪವನ್ನೋ ಸಾಗಿಸಲು ಎರಡು ಸಾಕು. ಶೀಟ್‌ನ ಕೆಲಸ ಇನ್ನೂ ಮುಗಿದಿಲ್ಲ. ಕಳೆದ ವಾರ ಎಣಿಸಿದಾಗ ‘ಬರೆಯುವವರು ಯಾರು’ ಎಂಬ ಕಾಲಂನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳು 73 ಇದ್ದವು. ಅವುಗಳಲ್ಲಿ ‘ಟೆಂಪ್2_ಹೊಸ_ಸರಿ’ಯೂ ಒಂದು, ಅದನ್ನು ಅಳಿಸುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.