ಮೂರು ವ್ಯಾಗನ್, ಮೂರು ಬಗೆಯ ಕೊಳೆ

ಕಳೆದ ಜೂನ್‌ನಲ್ಲಿ ಸಾಗರದ ನಮ್ಮ ಮನೆಯಲ್ಲಿ ಮಾದರಿ ರೈಲಿನ ಒಂದೇ ಥರದ ಮೂರು ಬಾಕ್ಸ್‌ಎನ್ ವ್ಯಾಗನ್ (ಮೇಲೆ ತೆರೆದಿರುವ ಗೂಡ್ಸ್ ಡಬ್ಬಿ) ಮುಂದಿಟ್ಟುಕೊಂಡು ಕೂತೆ. ಎಚ್‌ಒ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಒಂದೊಂದೂ ಸುಮಾರು 12 ಸೆಂಟಿಮೀಟರ್ ಉದ್ದ. ಮೂರಕ್ಕೂ ಒಂದೇ ಕಂದುಗೆಂಪು, ಒಂದೇ ಹೊಳಪು. ಓಡಿ ಸವೆದ ಅಸಲಿ ಗಾಡಿಯ ಹಾಗೆ ಕಾಣಲು ಇವನ್ನು ಹಳತು ಮಾಡಬೇಕಿತ್ತು. ಮೂರನ್ನೂ ಮೂರು ರೀತಿ ಮಾಡಿ ನೋಡೋಣ ಅಂದುಕೊಂಡೆ.

ಅದಕ್ಕೂ ಮೊದಲು ಬೀರೂರು ಜಂಕ್ಷನ್‌ಗೆ ಹೋಗಿ ಗೂಡ್ಸ್ ಗಾಡಿಗಳನ್ನು ಕಣ್ತುಂಬ ನೋಡಿ ಬಂದಿದ್ದೆ. ಮನೆಯಲ್ಲಿ ಕೂತರೆ ತುಕ್ಕು ಅಂದರೆ ಕಿತ್ತಳೆ ಬಣ್ಣ ಅನಿಸುತ್ತದೆ. ಅಲ್ಲಿ ನೋಡಿದರೆ ಹಳೇ ತುಕ್ಕಿಗೆ ಕಾಫಿಪುಡಿಯ ಬಣ್ಣ. ಕಿತ್ತಳೆ ಇರುವುದು ಹೊಸ ಗೀರುಗಳಲ್ಲಿ ಮಾತ್ರ. ಬ್ರೇಕ್ ಸವೆದ ಪುಡಿ ಕೂತು ಚಕ್ರದ ಸುತ್ತ ಬೇರೆಯದೇ ಕಂದು. ಮಳೆನೀರು ಇಳಿದ ಗೆರೆಗಳೆಲ್ಲ ಮೇಲಿಂದ ಕೆಳಕ್ಕೆ, ಅಡ್ಡಡ್ಡ ಒಂದೂ ಇಲ್ಲ.

ಮೊದಲ ವ್ಯಾಗನ್‌ಗೆ ಅಕ್ರಿಲಿಕ್ ವಾಶ್, ಅಂದರೆ ತೆಳು ಬಣ್ಣದ ನೀರು. ಒಂದು ಪಾಲು ಬಣ್ಣ, ಹತ್ತು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಆ ಹನಿ ಹಾಕದಿದ್ದರೆ ಬಣ್ಣದ ನೀರು ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳಿ ಹೋಗುತ್ತದೆ. ಖರ್ಚು ಕಡಿಮೆ, ವಾಸನೆ ಇಲ್ಲ, ಕುಂಚ ನೀರಲ್ಲೇ ತೊಳೆಯಬಹುದು. ಆದರೆ ನಮ್ಮ ಮಳೆಗಾಲದಲ್ಲಿ ಅದು ಬೇಗ ಒಣಗಲಿಲ್ಲ. ನಿಧಾನವಾಗಿ ಕೆಳಗಿಳಿದು, ಚಹಾ ಲೋಟ ಇಟ್ಟ ಜಾಗದ ಹಾಗೆ ಅಂಚುಗಟ್ಟಿತು. ಒಮ್ಮೆ ಒಣಗಿದ ಮೇಲೆ ತಿದ್ದಲೂ ಆಗಲಿಲ್ಲ. ದೂರದಿಂದ ನೋಡಿದರೆ ಅಡ್ಡಿಯಿಲ್ಲ, ಹತ್ತಿರ ಹೋಗಬಾರದು ಅಷ್ಟೇ.

ಎರಡನೆಯದಕ್ಕೆ ಚಿತ್ರ ಬರೆಯುವವರ ಆಯಿಲ್ ಪೇಂಟ್, ಬರ್ಂಟ್ ಅಂಬರ್ ಅನ್ನುವ ಗಾಢ ಕಂದು. ಟ್ಯೂಬಿನಿಂದ ನೇರ ಹಚ್ಚಬೇಡಿ. ರಟ್ಟಿನ ತುಂಡಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆ ಹೀರುತ್ತದೆ, ಬಣ್ಣ ಹೊಳಪಿಲ್ಲದೆ ಕೂರುತ್ತದೆ. ಮೇಲಂಚಿನಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಇಟ್ಟೆ. ಚಪ್ಪಟೆ ಕುಂಚವನ್ನು ಟರ್ಪಂಟೈನ್‌ನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಚುಕ್ಕೆಯನ್ನು ಸುಮ್ನೆ ಕೆಳಕ್ಕೆ ಎಳೆದೆ. ಬೀರೂರಿನಲ್ಲಿ ಕಂಡ ಅದೇ ಗೆರೆ! ಇಷ್ಟವಾಗದಿದ್ದರೆ ಒಂದು ಗಂಟೆ ಬಿಟ್ಟು ಬಂದರೂ ಒರೆಸಿ ಮತ್ತೆ ಎಳೆಯಬಹುದು. ಆ ಖುಷಿಯಲ್ಲಿ ಜಾಸ್ತಿ ಉಜ್ಜಿ ವ್ಯಾಗನ್ ನಂಬರಿನ ಅರ್ಧ ಅಳಿಸಿಬಿಟ್ಟೆ. ನಂಬರಿನ ಮೇಲೆ ಮೊದಲೇ ಒಂದು ಕೋಟ್ ವಾರ್ನಿಷ್ ಹಾಕಿಕೊಳ್ಳಬೇಕಿತ್ತು. ಒಣಗಲು ಮಾತ್ರ ಒಂಬತ್ತು ದಿನ ಹಿಡಿಯಿತು. ಟರ್ಪಂಟೈನ್ ವಾಸನೆ ಪೂರ್ತಿ ಹೋದ ಮೇಲೆ ಬಚ್ಚಲೊಲೆಯಿಂದ ಎರಡು ಮಾರು ದೂರದಲ್ಲಿ ಇಟ್ಟಿದ್ದೆ. ಸ್ವಲ್ಪ ಮಸಿಯೂ ಕೂತಿತು, ಪುಕ್ಕಟೆಯಾಗಿ.

ಮೂರನೆಯದು ಒಣ ಪುಡಿ. ಎಡಬದಿಗೆ ಆನ್‌ಲೈನ್‌ನಲ್ಲಿ ತರಿಸಿದ ತುಕ್ಕಿನ ಪುಡಿ, ಬಲಬದಿಗೆ ಮನೆ ಹಿಂದಿನ ಧರೆಯ ಕೆಮ್ಮಣ್ಣು. ಮೊದಲ ಸಲ ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಹಚ್ಚಿದೆ. ಈ ಅಳತೆಯಲ್ಲಿ ಒಂದೊಂದು ಕಣವೂ ಜಲ್ಲಿಕಲ್ಲಿನಂತೆ ಕಂಡಿತು. ಅಮ್ಮ ನೋಡಿ ನಕ್ಕರು. "ಎಂಥ ಮಾರಾಯ, ಮಣ್ಣನ್ನ ಯಾರಾದ್ರೂ ಒಣಗಿದ್ದೇ ಜರಡಿ ಹಿಡೀತಾರಾ? ನೀರಲ್ಲಿ ಕದಡು." ಗೋಡೆಗೆ ಸಾರಿಸುವಾಗ ಅವರು ಮಾಡುತ್ತಿದ್ದದ್ದು ಹಾಗೇ. ಚೊಂಬಿನಲ್ಲಿ ಕದಡಿ, ಮರಳು ತಳಕ್ಕೆ ಕೂರಲು ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪುನೀರನ್ನಷ್ಟೇ ತಟ್ಟೆಗೆ ಬಗ್ಗಿಸಿದೆ. ಎರಡು ದಿನ ಬಿಟ್ಟು ನೀರು ಬಸಿದು ಒಣಗಿಸಿದರೆ ಕುಂಕುಮದಷ್ಟು ನಯ. ತರಿಸಿದ ಪುಡಿಗೂ ಇದಕ್ಕೂ ನಯದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಬಣ್ಣದಲ್ಲಂತೂ ನಮ್ಮ ಮಣ್ಣೇ ಮೇಲು. ತರಿಸಿದ್ದು ಒಂದೇ ಬಣ್ಣ, ಇದರಲ್ಲಿ ಹಳದಿಯೂ ಇದೆ, ಕಪ್ಪೂ ಇದೆ.

ಉಪ್ಪು ಉದುರಿಸಿ ಬಣ್ಣ ಎಬ್ಬಿಸುವ ವಿಧಾನವನ್ನೂ ಯೋಚಿಸಿದ್ದೆ. ಜಾಡಿಯಲ್ಲಿದ್ದಾಗಲೇ ನೀರಾಗುವ ಉಪ್ಪನ್ನು ಇಲ್ಲಿ ಯಾರು ನಂಬುತ್ತಾರೆ? ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಶ್ ಗೆಳೆಯನ ಹತ್ತಿರ ಇದೆ. ಕಂಪ್ರೆಸರ್ ತೇವದ ಗಾಳಿ ಎಳೆದು ನಡುನಡುವೆ ನೀರು ಉಗುಳಿತು. ನೀರು ಹಿಡಿಯುವ ಫಿಲ್ಟರ್ ಇಲ್ಲದೆ ಬೇಡ.

ಪುಡಿ ನಿಲ್ಲಲಿ ಅಂತ ಮೂರನೇ ವ್ಯಾಗನ್‌ನ ಒಂದು ತುದಿಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದೆ. ಹೊರಗೆ ಜಿಟಿಜಿಟಿ ಮಳೆ. ಹತ್ತು ನಿಮಿಷದಲ್ಲಿ ಬೂಷ್ಟು ಬಂದ ಉಪ್ಪಿನಕಾಯಿಯ ಹಾಗೆ ಬೆಳ್ಳಗಾಯಿತು. ಗಾಳಿಯ ತೇವ ವಾರ್ನಿಷ್‌ನೊಳಗೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಬಿಳುಪಿಲ್ಲದ ಕಡೆ ಪುಡಿಯ ಅರ್ಧ ಬಣ್ಣವೇ ಮಾಯ. ಉಳಿದ ಭಾಗವನ್ನು ಹಾಗೇ ಬಿಟ್ಟಿದ್ದೇನೆ.

ವ್ಯಾಗನ್‌ನ ಕೈಹಿಡಿ ಕಂಬಿಗಳ ವಿಷಯ ಬೇರೆ. ಅಚ್ಚಿನಲ್ಲೇ ಬಂದ ದಪ್ಪ ಕೈಹಿಡಿಗಳನ್ನು ಕೆತ್ತಿ ತೆಗೆದು, ಮೋಟಾರ್ ರಿವೈಂಡಿಂಗ್ ಅಂಗಡಿಯ 32 ಗೇಜ್ ತಾಮ್ರದ ತಂತಿ ಹಾಕಿದೆ. ಅದು 0.27 ಮಿಲಿಮೀಟರ್, ಅಸಲಿಗೆ ಹಿಗ್ಗಿಸಿದರೆ 24 ಮಿಲಿಮೀಟರ್ ಸರಳು. 28 ಗೇಜ್ ಹಾಕಿದ್ದು ನೀರಿನ ಪೈಪಿನ ಹಾಗಿತ್ತು. ಇಷ್ಟೆಲ್ಲ ಲೆಕ್ಕ ಹಾಕುವ ನಾನೇ ವ್ಯಾಗನ್ ಓಡಿಸುವುದು 16.5 ಮಿಲಿಮೀಟರ್ ಅಗಲದ ಹಳಿ ಮೇಲೆ! ನಮ್ಮ 1676 ಮಿಲಿಮೀಟರ್ ಬ್ರಾಡ್‌ಗೇಜ್‌ಗೆ ಈ ಅಳತೆಯಲ್ಲಿ 19 ದಾಟಬೇಕು. ಅದನ್ನು ನೋಡದ ಹಾಗಿರುವುದು ನಮ್ಮ ಹವ್ಯಾಸದವರ ಒಪ್ಪಂದ ಅಲ್ವಾ.

ಇನ್ನು ಎಂಟು ವ್ಯಾಗನ್ ಬಾಕಿ ಇವೆ. ಎಲ್ಲಕ್ಕೂ ಮೊದಲು ಆಯಿಲ್ ಗೆರೆ, ಮೇಲೆ ಕೆಮ್ಮಣ್ಣು. ವಾರ್ನಿಷ್ ಡಬ್ಬ ಡಿಸೆಂಬರ್‌ವರೆಗೆ ಅಟ್ಟದ ಮೇಲೆ. ಅಲ್ಲಿವರೆಗೆ ಮೂರನೇ ವ್ಯಾಗನ್ ಮುಟ್ಟಿದವರ ಬೆರಳೆಲ್ಲ ಕೆಂಪಾಗುತ್ತಿದೆ. ಅದರ ಬಲಬದಿಯಲ್ಲಿ ಅಕ್ಕನ ಮಗನ ಹೆಬ್ಬೆಟ್ಟಿನ ಗುರುತು ಆಗಲೇ ಮೂಡಿದೆ.