ನುಡಿ ಫಾಂಟ್ ಹುಡುಕಲು ಹೋಗಿ ಕಳ್ಳನಿಗೆ ಬಾಗಿಲು ತೆಗೆದೆ

ದೊಡ್ಡಪ್ಪ ನಮ್ಮ ಮನೆತನದ ಬಗ್ಗೆ 15 ವರ್ಷದ ಹಿಂದೆ ಟೈಪ್ ಮಾಡಿಸಿಟ್ಟಿದ್ದ ವರ್ಡ್ ಫೈಲ್ ಕಳಿಸಿದ್ದರು. "ಹಬ್ಬಕ್ಕೆ ಎಲ್ರೂ ಸೇರ್ತಾರಲ್ಲ, ಒಂದಿಷ್ಟು ಪ್ರಿಂಟ್ ತೆಗೆಸಿಡೋ" ಅಂದರು. ತೆರೆದರೆ ಕನ್ನಡದ ಸುಳಿವೇ ಇಲ್ಲ. ತಲೆ ಮೇಲೆ ಗೆರೆ, ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ; ಅದರ ಹಳೇ ಫೈಲ್ ನೋಡಿದವರಿಗೆ ಈ ಸಂತೆಯ ಪರಿಚಯ ಇರುತ್ತದೆ. ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರಿನಲ್ಲೂ ಕನ್ನಡ ಕಾಣಿಸುವ ಪದ್ಧತಿ) ಅಲ್ಲ, ಹಾಗಾಗಿ ಆ ಫಾಂಟ್ ಇಲ್ಲದೆ ಓದಲು ಆಗುವುದಿಲ್ಲ.

ನುಡಿ ಮಾಡಿದ್ದು ಕನ್ನಡ ಗಣಕ ಪರಿಷತ್ತು ಅಂತ ನನಗೆ ಗೊತ್ತಿತ್ತು. ಆದರೂ ಅವರ ತಾಣ ಹುಡುಕುವ ಬದಲು ನೆಟ್ಟಿನಲ್ಲಿ ನುಡಿ ಫಾಂಟ್ ಅಂತ ಹುಡುಕಿ ಮೇಲೆ ಕಂಡ ಮೊದಲ ಲಿಂಕ್ ಒತ್ತಿದೆ. ಅದು ಜಾಹೀರಾತು ಅನ್ನುವುದನ್ನು ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬರೆದಿತ್ತು, ಓದುವ ತಾಳ್ಮೆ ಯಾರಿಗಿದೆ? ಆ ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್. ಎಲ್ಲಕ್ಕಿಂತ ದೊಡ್ಡದಾಗಿದ್ದ ಹಸಿರು ಬಟನ್ ಒತ್ತಿದೆ.

ಬಂದದ್ದು ಜಿಪ್ ಫೈಲ್. ತೆರೆಯಲು 1234 ಅಂತ ಪಾಸ್‌ವರ್ಡ್ ಹಾಕಿ ಅಂತ ಅಲ್ಲೇ ಬರೆದಿತ್ತು. ಒಂದು ಫಾಂಟಿಗೆ ಯಾಕಪ್ಪಾ ಪಾಸ್‌ವರ್ಡ್ ಅಂತ ಅನ್ನಿಸಬೇಕಿತ್ತು, ಅಲ್ವಾ? ಬೀಗ ಹಾಕಿದ ಜಿಪ್ ಒಳಗೆ ಆಂಟಿವೈರಸ್ ಇಣುಕಲು ಆಗುವುದಿಲ್ಲ, ಅದಕ್ಕೇ. ಇನ್ನೊಂದು ವಿಷಯ: ಫಾಂಟ್ ಫೈಲಿನ ಹೆಸರು ಸಾಮಾನ್ಯವಾಗಿ ಟಿಟಿಎಫ್ ಅಂತ ಮುಗಿಯುತ್ತದೆ. ಇದು ಇಎಕ್ಸ್ಇ, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ. ಆದರೆ ವಿಂಡೋಸ್ ಈ ಬಾಲವನ್ನು ತಾನಾಗೇ ಮುಚ್ಚಿಡುತ್ತದೆ, ನನಗೆ ಕಂಡದ್ದು ನುಡಿ ಅನ್ನುವ ಹೆಸರಷ್ಟೇ. ಡಬಲ್ ಕ್ಲಿಕ್ ಮಾಡಿದೆ. ಹಳದಿ ಪಟ್ಟಿಯ ಪೆಟ್ಟಿಗೆಯೊಂದು ಬಂದು, ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ಬಿಡಲಾ ಅಂತ ಕೇಳಿತು. ಯೆಸ್ ಅಂದೆ.

ಏನೂ ಇನ್‌ಸ್ಟಾಲ್ ಆದ ಹಾಗೆ ಕಾಣಲಿಲ್ಲ. ಅರ್ಧ ಗಂಟೆಯಲ್ಲಿ ಬ್ರೌಸರಿನ ಮೊದಲ ಪುಟ ಬದಲಾಗಿತ್ತು. ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈ ನಂಬರಿಗೆ ಫೋನ್ ಮಾಡಿ ಅಂತ ಮೂಲೆಯಲ್ಲಿ ಒಂದೇ ಸಮನೆ ಸಂದೇಶ. ಫೋನ್ ಮಾಡಲಿಲ್ಲ, ಅದೊಂದೇ ನಾನು ತೋರಿಸಿದ ಬುದ್ಧಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ರೌಟರಿನ ವೈರ್ ಕಿತ್ತೆ. ಆ ದಿನ ಬಂದು ಸೇರಿದ್ದ ಎರಡು ಪ್ರೋಗ್ರಾಂ ತೆಗೆದೆ. ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನಲ್ಲಿ ಪೂರ್ತಿ ಸ್ಕ್ಯಾನ್ ಮಾಡಿಸಿದೆ. ಏನೂ ಇಲ್ಲ ಅಂತ ಹೇಳಿತು. ನಿರಾಳವಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಪುಟ, ಅದೇ ಸಂದೇಶ.

ಡಿಫೆಂಡರ್‌ನ ಸೆಟ್ಟಿಂಗ್ಸ್ ಒಳಗೆ ಎಕ್ಸ್‌ಕ್ಲೂಷನ್ಸ್ ಅಂತ ಒಂದು ಜಾಗ ಇದೆ, ಯಾವುದನ್ನು ನೋಡಬಾರದು ಅಂತ ಹೇಳುವ ಪಟ್ಟಿ. ತೆರೆದು ನೋಡಿದೆ. ಇಡೀ ಸಿ ಡ್ರೈವ್ ಅದರಲ್ಲಿತ್ತು! ನಾನು ಒತ್ತಿದ ಆ ಒಂದು ಯೆಸ್‌ನ ಬಲದಲ್ಲಿ, ಕಾವಲುಗಾರನಿಗೇ ಕಣ್ಣು ಕಟ್ಟಿ ಕೂರಿಸಿದ್ದರು. ನಿನ್ನೆಯ ಸ್ಕ್ಯಾನ್ ಸುಮ್ನೆ ನಾಟಕ. ಅದನ್ನು ತೆಗೆದು ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಇದು ವಿಂಡೋಸ್ ಶುರುವಾಗುವ ಮುಂಚೆಯೇ ಹುಡುಕುತ್ತದೆ, ಸುಮಾರು 15 ನಿಮಿಷ. ಎರಡು ಸಿಕ್ಕಿಬಿದ್ದವು. ಪ್ರೋಗ್ರಾಂಗಳನ್ನು ತಾನಾಗೇ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಪ್‌ಡೇಟ್ ಅನ್ನುವ ಮುಗ್ಧ ಹೆಸರಿಟ್ಟುಕೊಂಡು ಇನ್ನೊಂದು ಕೂತಿತ್ತು. ಲಾಗಿನ್ ಆದಾಗಲೆಲ್ಲ ಅಳಿಸಿದ್ದನ್ನು ಮತ್ತೆ ತಂದು ಹಾಕುವುದು ಅದರ ಕೆಲಸ. ಬ್ರೌಸರಿಗೆ ಅಂಟಿಕೊಳ್ಳುವ ಪುಟ್ಟ ಪ್ರೋಗ್ರಾಂ, ಅಂದರೆ ಒಂದು ಎಕ್ಸ್‌ಟೆನ್ಷನ್ ತೆಗೆಯಲು ಬಿಡದೆ, ಇದನ್ನು ನಿಮ್ಮ ಸಂಸ್ಥೆ ನೋಡಿಕೊಳ್ಳುತ್ತಿದೆ ಅಂತ ತೋರಿಸುತ್ತಿತ್ತು. ನಮ್ಮ ಮನೆಯಲ್ಲಿ ಯಾವ ಸಂಸ್ಥೆ ಸ್ವಾಮಿ? ವಿಂಡೋಸಿನ ಸೆಟ್ಟಿಂಗ್ಸ್ ಕೂಡಿಟ್ಟಿರುವ ರಿಜಿಸ್ಟ್ರಿಯಲ್ಲಿ ಬ್ರೌಸರ್ ಪಾಲಿಸಿ ಅಂತ ಸೇರಿಸಿದ್ದನ್ನು ಕಿತ್ತ ಮೇಲೆ ಅದು ಹೋಯಿತು. ಬ್ರೌಸರಿನ ಸಿಂಕ್ ಕೂಡ ನಿಲ್ಲಿಸಿ. ಇಲ್ಲದಿದ್ದರೆ ಅಳಿಸಿದ ಎಕ್ಸ್‌ಟೆನ್ಷನ್ ನಿಮ್ಮ ಖಾತೆಯಿಂದಲೇ ವಾಪಸ್ ಬರಬಹುದು.

ಮೂರನೇ ರಾತ್ರಿ 2:40ಕ್ಕೆ ಫೋನಿಗೆ ಸಂದೇಶ ಬಂತು: ನಿಮ್ಮ ಮೇಲ್‌ಗೆ ಹೊಸ ಸಾಧನದಿಂದ ಲಾಗಿನ್ ಆಗಿದೆ. ಆಗ ಹೊಟ್ಟೆ ತಣ್ಣಗಾಯಿತು. ಇಷ್ಟು ದಿನ ಜಾಹೀರಾತಿನ ಹಿಂದೆ ಬಿದ್ದಿದ್ದೆ. ಬ್ರೌಸರ್ ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್‌ಗಳು, ಲಾಗಿನ್ ಕುಕೀಗಳು (ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಅಂತ ತಾಣಕ್ಕೆ ಹೇಳುವ ಗುರುತು) ಮೊದಲ ದಿನವೇ ಹೋಗಿರಬೇಕು. ಕುಕೀ ಕೈಗೆ ಸಿಕ್ಕರೆ ಒಟಿಪಿ ಕೂಡ ಕೇಳುವುದಿಲ್ಲ. ಅದಕ್ಕೇ ಪಾಸ್‌ವರ್ಡ್ ಬದಲಿಸಿದರೆ ಮಾತ್ರ ಸಾಲದು, ಎಲ್ಲಾ ಸಾಧನಗಳಿಂದ ಲಾಗೌಟ್ ಅನ್ನುವುದನ್ನೂ ಒತ್ತಬೇಕು. ಇವೆರಡನ್ನೂ ಫೋನಿನಿಂದ ಮಾಡಿ. ಕೆಟ್ಟ ಕಂಪ್ಯೂಟರಿನಲ್ಲಿ ಕೂತು ಹೊಸ ಪಾಸ್‌ವರ್ಡ್ ಹಾಕಿದರೆ ಅದನ್ನೂ ಅವರ ಕೈಗೆ ಕೊಟ್ಟ ಹಾಗೆ. ಪುಣ್ಯಕ್ಕೆ ದುಡ್ಡು ಹೋಗಲಿಲ್ಲ. ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಭಾನುವಾರ ಫೋಟೋ, ಕಾಗದಪತ್ರ ಮಾತ್ರ ಬೇರೆ ಡಿಸ್ಕಿಗೆ ಹಾಕಿಕೊಂಡು, ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಮೊದಲ ದಿನವೇ ಇದನ್ನು ಮಾಡುವುದು ಬಿಟ್ಟು ಮೂರು ದಿನ ಪತ್ತೇದಾರಿ ಮಾಡಿದೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ದೊಡ್ಡಪ್ಪನ ಫೈಲ್? ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ ಹೋದೆ. ಅವನ ಕಂಪ್ಯೂಟರಿನಲ್ಲಿ ನುಡಿ ಮೊದಲಿನಿಂದಲೂ ಇದೆ. ತೆರೆದ ಕೂಡಲೇ ಮುತ್ತಜ್ಜನ ಹೆಸರು ಅಚ್ಚುಕಟ್ಟಾಗಿ ಕಂಡಿತು. "ಎಷ್ಟು ಕಾಪಿ ಸಾರ್?" ಅಂದ. ಮನೆಗೆ ಬಂದು ಆ ಪೆನ್‌ಡ್ರೈವ್ ಅನ್ನೂ ಸ್ಕ್ಯಾನ್ ಮಾಡಿಯೇ ತೆರೆದೆ.