ಹುಳುಮನೆಯಲ್ಲಿ ನೋಡ್-ರೆಡ್ ಮತ್ತು ಇನ್‌ಫ್ಲಕ್ಸ್‌ಡಿಬಿ: ಮೂರು ವರ್ಷ ಬಳಸಿದ ಮೇಲೆ

ಎಳೆಯ ರೇಷ್ಮೆಹುಳುಗಳನ್ನು ಸಾಕುವ ನಮ್ಮ ಚಾಕಿ ಕೋಣೆಯ ಬಾಗಿಲ ಪಕ್ಕದಲ್ಲಿ ಎರಡು ಥರ್ಮಾಮೀಟರ್‌ಗಳು ಒಂದೇ ಹಲಗೆಯ ಮೇಲೆ ಜೋಡಿಯಾಗಿವೆ. ಒಂದರ ಬಲ್ಬ್ ಒಣಗಿರುತ್ತದೆ. ಇನ್ನೊಂದಕ್ಕೆ ಸುತ್ತಿದ ಬಟ್ಟೆಯ ಬತ್ತಿ ಪುಟ್ಟ ಬಟ್ಟಲಿನ ನೀರಿನಲ್ಲಿ ಅದ್ದಿರುತ್ತದೆ. ಬೆಳಗಿನ ಮೊದಲ ಸೊಪ್ಪು ಹಾಕುವ ಮುಂಚೆ ಬಟ್ಟಲಿಗೆ ನೀರು ತುಂಬಿಸಿ, ಬತ್ತಿ ನೆನೆದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಎರಡೂ ಅಂಕಿಗಳನ್ನು ಓದುತ್ತೇನೆ. ಒಣ ಬಲ್ಬ್ 27, ಒದ್ದೆ ಬಲ್ಬ್ 25 ಇದ್ದರೆ ತೇವಾಂಶ ಶೇಕಡ 85ರ ಆಸುಪಾಸು. ಎರಡನೇ ಹಂತದ ಹುಳುಗಳಿಗೆ ಬೇಕಾದದ್ದು ಅದೇ. ಆಮೇಲೆ ಮೊಬೈಲ್ ತೆರೆದು, ಕೋಣೆಯ ಸೆನ್ಸರ್ ಅಂಕಿಗಳ ಗೆರೆಚಿತ್ರದ ಕೊನೆಯ ಬಿಂದುವನ್ನು ಅದರ ಜೊತೆ ಹೋಲಿಸುತ್ತೇನೆ. ಎರಡೂ ತಾಳೆಯಾದರೆ ಸೊಪ್ಪಿನ ಬುಟ್ಟಿಗೆ ಕೈ ಹಾಕುತ್ತೇನೆ. ನಡುವೆ ಎರಡು ತಿಂಗಳು ಬಿಟ್ಟರೆ ಮೂರು ವರ್ಷಗಳಿಂದ ಈ ಕ್ರಮ ತಪ್ಪಿಲ್ಲ.

ಶಿಡ್ಲಘಟ್ಟದ ಕಡೆ ಹುಳು ಸಾಕುವವರಿಗೆ ಇದೆಲ್ಲ ಗೊತ್ತಿರುವ ಮಾತು. ಗೊತ್ತಿಲ್ಲದವರಿಗಾಗಿ ಒಂದೆರಡು ಸಾಲು: ಮೊಟ್ಟೆಯೊಡೆದ ದಿನದಿಂದ ಎರಡನೇ ಜ್ವರದವರೆಗೆ ನಾವು ಹುಳುಗಳನ್ನು ಸಾಕಿ ರೈತರಿಗೆ ಕೊಡುತ್ತೇವೆ. ಇಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ಮೊದಲ ಹಂತದಲ್ಲಿ 28 ಡಿಗ್ರಿ, ಎರಡನೇ ಹಂತದಲ್ಲಿ 27 ಡಿಗ್ರಿ ಶಾಖ ಬೇಕು, ತುಂಬಾ ತೇವ ಬೇಕು, ಜ್ವರದ ಹೊತ್ತಿಗೆ ಮಾತ್ರ ಕೋಣೆ ಒಣಗಿರಬೇಕು. ಈ ಹಂತದಲ್ಲಿ ನಾವು ಮಾಡಿದ ತಪ್ಪು ನಮ್ಮ ಕೋಣೆಯಲ್ಲಿ ಕಾಣಿಸುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ಯಾವುದೋ ಊರಿನ ರೈತರ ಮನೆಯಲ್ಲಿ ಹಾಲುತೊಂಡೆ ರೋಗವಾಗಿಯೋ ಏರುಪೇರಾದ ಬೆಳೆಯಾಗಿಯೋ ಕಾಣಿಸುತ್ತದೆ. ಹಾಗಾಗಿಯೇ ನನಗೆ ಈ ಕ್ಷಣದ ಉಷ್ಣಾಂಶಕ್ಕಿಂತ ಹದಿನೈದು ದಿನದ ಹಿಂದಿನ ರಾತ್ರಿಯ ಉಷ್ಣಾಂಶ ಮುಖ್ಯ. ಅಂದರೆ ಹಳೆಯ ದಾಖಲೆ ಬೇಕು, ಪ್ರತಿ ಅಂಕಿಯ ಜೊತೆಗೂ ಅದರ ಹೊತ್ತು ಬೇಕು.

ಎಂಜಿನಿಯರಿಂಗ್ ಓದುವಾಗ ಪ್ರಯೋಗಾಲಯದಲ್ಲಿ ಲ್ಯಾಬ್‌ವ್ಯೂ ಕಲಿತಿದ್ದೆ. ಸಾಲುಸಾಲಾಗಿ ಕೋಡ್ ಬರೆಯುವ ಬದಲು ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ಪ್ರೋಗ್ರಾಂ ಕಟ್ಟುವ ಆ ವಿಧಾನ 1986ರಿಂದ ಇದೆ, ನನಗೆ ಅದು ಬಹಳ ಹಿಡಿಸಿತ್ತು. ಅದರಲ್ಲಿ ದೊಡ್ಡ ಕಾರ್ಖಾನೆಗಳಿಗಾಗಿ ಸಿಟಡೆಲ್ ಎಂಬ ಇತಿಹಾಸ ಭಂಡಾರವೂ ಉಂಟು. ಒಂದೊಂದು ಸೆನ್ಸರ್‌ಗೂ ಒಂದೊಂದು ಜಾಡು ತೆರೆದು, ಹೊತ್ತಿನ ಮುದ್ರೆಯೊಂದಿಗೆ ಬಿಂದುಗಳನ್ನು ಬರೆದು, ಜಾಡು ಮುಚ್ಚುವುದು ಅದರ ಪದ್ಧತಿ. ಆದರೆ ಅದರ ಪರವಾನಗಿಯ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಉಚಿತವಾಗಿ ಸಿಗುವ ಸಮುದಾಯ ಆವೃತ್ತಿಯನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಚಾಕಿ ಕೇಂದ್ರ ವ್ಯಾಪಾರವೇ.

ಹಾಗಾಗಿ ನೋಡ್-ರೆಡ್. 2013ರಲ್ಲಿ ಐಬಿಎಂನ ಇಬ್ಬರು ಎಂಜಿನಿಯರ್‌ಗಳು ಆರಂಭಿಸಿದ, ಈಗ ಎಲ್ಲರಿಗೂ ಉಚಿತವಾಗಿ ತೆರೆದಿರುವ, ಅದೇ ಪೆಟ್ಟಿಗೆ-ತಂತಿ ವಿಧಾನದ ಸಾಧನ. ಅದರ ಬೆನ್ನಿಗೆ ಹೊತ್ತು ಸಹಿತ ದಾಖಲೆಗಳಿಗೆಂದೇ ಕಟ್ಟಿದ ಇನ್‌ಫ್ಲಕ್ಸ್‌ಡಿಬಿ, ಚಿತ್ರ ತೋರಿಸಲು ಗ್ರಫಾನಾ. ಮೂರೂ ಅಂಗೈಯಗಲದ ಒಂದು ಅಗ್ಗದ ಬೋರ್ಡ್ ಮೇಲೆ ಓಡುತ್ತವೆ. ಸೆನ್ಸರ್, ಡಬ್ಬಿ, ತಂತಿ ಎಲ್ಲ ಸೇರಿ ನನ್ನ ಖರ್ಚು ಹನ್ನೆರಡು ಸಾವಿರ ದಾಟಿಲ್ಲ.

ನೋಡ್-ರೆಡ್ ಬಗ್ಗೆ ನನಗಿರುವ ಪ್ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇದರ ಪೆಟ್ಟಿಗೆಗಳಿಗೆ ನೋಡ್ ಎಂದು ಹೆಸರು. ನಿಮಿಷಕ್ಕೊಮ್ಮೆ ತಟ್ಟಿ ಎಬ್ಬಿಸುವ ನೋಡ್, ಅಲ್ಲಿಂದ ಸೆನ್ಸರ್ ಓದುವ ನೋಡ್, ಅಲ್ಲಿಂದ ಅಂಕಿಯನ್ನು ತಿದ್ದಿ ಜೋಡಿಸುವ ನೋಡ್, ಕೊನೆಗೆ ಭಂಡಾರಕ್ಕೆ ಬರೆಯುವ ನೋಡ್. ಕಣ್ಣಿಗೆ ಕಾಣುವ ದಾರಿ. ನೋಡ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು ಎಂದು ತಿಳಿದ ದಿನ ಕುಳಿತು ಎಲ್ಲವನ್ನೂ ಬದಲಾಯಿಸಿದೆ: ‘ಮೇಲಿನ ತಟ್ಟೆ’, ‘ಕೆಳಗಿನ ತಟ್ಟೆ’, ‘ಕಿಟಕಿ ಬದಿ’, ‘ಮೊಟ್ಟೆ ಪೆಟ್ಟಿಗೆ’. ಕಂಪ್ಯೂಟರ್ ಮುಟ್ಟದ ನನ್ನ ಅತ್ತೆ ಪರದೆಯ ಮುಂದೆ ನಿಂತು ಬೆರಳಿಟ್ಟು ಓದಿ, ‘ಇಲ್ಲಿಂದ ಇಲ್ಲಿಗೆ ಹೋಗುತ್ತದೆ, ಅಲ್ಲವೇ?’ ಎಂದು ಕೇಳಿದರು. ಯಾವ ಕೈಪಿಡಿಯೂ ಅವರಿಗೆ ಅಷ್ಟು ಬೇಗ ತಿಳಿಸುತ್ತಿರಲಿಲ್ಲ.

ಸೆನ್ಸರ್ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಹಾಕಿದ್ದ ಅಗ್ಗದ ಸೆನ್ಸರ್‌ಗಳು ಚಾಕಿ ಕೋಣೆಯ ತೇವದಲ್ಲಿ ಕೆಲವೇ ತಿಂಗಳಲ್ಲಿ ಕೆಟ್ಟು, ಸದಾ ಶೇಕಡ 99 ಎಂದು ತೋರಿಸತೊಡಗಿದವು. ಎಸ್‌ಎಚ್‌ಟಿ31 ಹಾಕಿದ ಮೇಲೆ ಆ ತೊಂದರೆ ಇಲ್ಲ. ಅದೂ ದಾರಿ ತಪ್ಪಬಹುದು ಎಂದೇ ಬತ್ತಿಯ ಥರ್ಮಾಮೀಟರ್ ಅನ್ನು ಇನ್ನೂ ಗೋಡೆಯಿಂದ ಇಳಿಸಿಲ್ಲ.

ನಾನು ಈ ವಿಮರ್ಶೆ ಬರೆಯಲು ಕಾರಣವಾದದ್ದು ಗಡಿಯಾರ.

ಎರಡನೇ ವರ್ಷದ ಮಾಗಿಯಲ್ಲಿ ಒಂದು ರಾತ್ರಿ 11:10ಕ್ಕೆ ಕರೆಂಟ್ ಹೋಗಿ 2:40ಕ್ಕೆ ಬಂತು. ನಮ್ಮಲ್ಲಿ ರಾತ್ರಿ ಕಾವಲು ಎರಡು ಪಾಳಿ. ಮೂರು ಗಂಟೆಯವರೆಗೆ ಸಹಾಯಕ ಹುಡುಗ, ಅಲ್ಲಿಂದ ಬೆಳಗಿನವರೆಗೆ ನಾನು. ಮರುದಿನ ಗೆರೆಚಿತ್ರ ನೋಡಿದರೆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಕೋಣೆ 21 ಡಿಗ್ರಿಗೆ ಇಳಿದಿದೆ. ಅದು ಹುಡುಗನ ಪಾಳಿ. ಕರೆಂಟ್ ಹೋದಾಗ ಇದ್ದಿಲ ಒಲೆ ಹಚ್ಚಬೇಕೆಂದು ಹತ್ತು ಸಲ ಹೇಳಿದ್ದೆ. ಎಲ್ಲರೆದುರು ಅವನನ್ನು ಗದರಿದೆ. ಒಲೆ ಹಚ್ಚಿದ್ದೆ ಎಂದು ಅವನು ಹೇಳಿದರೂ ನಾನು ಕೇಳಲಿಲ್ಲ, ಕೈಯಲ್ಲಿ ಚಿತ್ರವಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಅಕ್ಕಾ, ಒಂದು ಗಂಟೆಗೆ ಕರೆಂಟೇ ಇರಲಿಲ್ಲ. ಆ ಪೆಟ್ಟಿಗೆಗೆ ಹೇಗೆ ಗೊತ್ತಾಯಿತು?’

ನನಗೆ ಉತ್ತರ ಹೊಳೆಯಲಿಲ್ಲ. ಕರೆಂಟ್ ಇಲ್ಲದಾಗ ಬೋರ್ಡ್ ಸತ್ತಿರುತ್ತದೆ. ಸತ್ತ ಬೋರ್ಡ್ ಬರೆದ ಅಂಕಿಗಳು ಎಲ್ಲಿಂದ ಬಂದವು?

ಆ ಸಂಜೆ ಕುಳಿತು ಬಿಡಿಸಿದೆ. ಈ ಜಾತಿಯ ಹೆಚ್ಚಿನ ಅಗ್ಗದ ಬೋರ್ಡ್‌ಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇರುವುದಿಲ್ಲ. ಇಂಟರ್ನೆಟ್‌ನಿಂದ ಹೊತ್ತು ಕೇಳಿ ತಿಳಿದುಕೊಳ್ಳುತ್ತವೆ, ಗಂಟೆಗೊಮ್ಮೆ ಅದನ್ನು ಒಂದು ಕಡತದಲ್ಲಿ ಗುರುತು ಹಾಕಿಕೊಳ್ಳುತ್ತವೆ. ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಇಲ್ಲದಿದ್ದರೆ ಆ ಕಡತದಲ್ಲಿರುವ ಹೊತ್ತೇ ಈಗಿನ ಹೊತ್ತು ಎಂದುಕೊಂಡು ಎದ್ದೇಳುತ್ತವೆ. ನಮ್ಮ ಬೋರ್ಡ್ ಕೊನೆಯದಾಗಿ ಗುರುತು ಹಾಕಿಕೊಂಡಿದ್ದು 10:17ಕ್ಕೆ. ಅಂದು ಇಂಟರ್ನೆಟ್ ಮರಳಿ ಬಂದದ್ದು ಬೆಳಿಗ್ಗೆ ಎಂಟಕ್ಕೆ. ಅಲ್ಲಿಯವರೆಗೆ ಪ್ರತಿ ಬಿಂದುವೂ 4 ಗಂಟೆ 23 ನಿಮಿಷ ಹಿಂದಿನ ಮುದ್ರೆಯೊಂದಿಗೆ ಭಂಡಾರ ಸೇರಿತ್ತು. ಚಿತ್ರದಲ್ಲಿ 1:07ಕ್ಕೆ ಕಂಡ ಆ ಚಳಿ ನಿಜವಾಗಿ 5:30ರ ಚಳಿ. ಅದು ನನ್ನ ಪಾಳಿ. ಕರೆಂಟ್ ಬಂದ ಮೇಲೆ ಹೀಟರ್ ಗುಂಡಿಯನ್ನು ಮತ್ತೆ ಒತ್ತಬೇಕಿತ್ತು, ನಾನು ಒತ್ತಿರಲಿಲ್ಲ. ಒಲೆಯ ಕೆಂಡ ಆರುವವರೆಗೆ ಕೋಣೆ ಬೆಚ್ಚಗಿತ್ತು, ಆಮೇಲೆ ಇಳಿದಿತ್ತು.

ಇನ್ನೊಂದು ನಷ್ಟವೂ ಆಗಿತ್ತು. ಚಿತ್ರ ಓರಣವಾಗಿರಲಿ ಎಂದು ನಾನು ಪ್ರತಿ ಬಿಂದುವಿನ ಹೊತ್ತನ್ನು ಪೂರ್ಣ ನಿಮಿಷಕ್ಕೆ ಸರಿಹೊಂದಿಸುತ್ತಿದ್ದೆ. ಇನ್‌ಫ್ಲಕ್ಸ್‌ಡಿಬಿಯಲ್ಲಿ ಒಂದೇ ಹೆಸರು, ಒಂದೇ ಗುರುತುಚೀಟಿ, ಒಂದೇ ಹೊತ್ತಿನ ಎರಡು ಬಿಂದುಗಳು ಬಂದರೆ ಹೊಸದು ಹಳೆಯದನ್ನು ಅಳಿಸಿ ಕೂರುತ್ತದೆ. ಎಚ್ಚರಿಕೆ ಇಲ್ಲ, ದೋಷದ ಸಂದೇಶ ಇಲ್ಲ. 10:17ರಿಂದ 11:10ರವರೆಗಿನ 53 ನಿಮಿಷಗಳ ನಿಜವಾದ ದಾಖಲೆ ಹಾಗೆ ಹೋಯಿತು. ನೋಡ್‌ನ ಕೆಳಗಿನ ಪುಟ್ಟ ಹಸಿರು ಚುಕ್ಕಿ ಆಗಲೂ ಹಸಿರಾಗಿಯೇ ಇತ್ತು.

ಮರುದಿನ ಅದೇ ಜನರ ಎದುರು ಹುಡುಗನ ಕ್ಷಮೆ ಕೇಳಿದೆ. ಅವನು ‘ಬಿಡಿ ಅಕ್ಕಾ’ ಎಂದ. ನನಗೆ ಮಾತ್ರ ಅಷ್ಟು ಸುಲಭವಾಗಿ ಬಿಡಲು ಆಗಲಿಲ್ಲ. ನೋಟ್‌ಬುಕ್‌ನಲ್ಲಿ ಬರೆದಿದ್ದರೆ ಅನುಮಾನ ಪಡುತ್ತಿದ್ದೆ. ಯಂತ್ರ ಬರೆದದ್ದಾದ್ದರಿಂದ ಮನುಷ್ಯನ ಮಾತನ್ನು ತಳ್ಳಿಹಾಕಿದ್ದೆ. ಎರಡು ತಿಂಗಳು ಗೆರೆಚಿತ್ರವನ್ನು ತೆರೆಯಲಿಲ್ಲ.

ಪರಿಹಾರ ಕೆಲವು ನೂರು ರೂಪಾಯಿಗಳದ್ದು ಎಂದು ತಿಳಿದಾಗ ಹೊಟ್ಟೆ ಉರಿಯಿತು. ಡಿಎಸ್3231 ಎಂಬ ಗಡಿಯಾರದ ಚಿಪ್ ಇರುವ ಪುಟ್ಟ ತುಂಡು, ಜೊತೆಗೊಂದು ನಾಣ್ಯದಾಕಾರದ ಬ್ಯಾಟರಿ. ಅದು ಹತ್ತು ಲಕ್ಷ ಸೆಕೆಂಡಿಗೆ ಎರಡು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ, ಅಂದರೆ ಇಡೀ ವರ್ಷಕ್ಕೆ ಸುಮಾರು ಒಂದು ನಿಮಿಷ. ಕೊಳ್ಳುವವರಿಗೆ ಒಂದು ಮಾತು: ಅಗ್ಗದ ತುಂಡುಗಳಲ್ಲಿ ಬ್ಯಾಟರಿಗೆ ಚಾರ್ಜ್ ಹರಿಸುವ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಹಾಕುವುದಾದರೆ ಆ ದಾರಿಯನ್ನು ಕಡಿದುಹಾಕಿಸಿ, ಇಲ್ಲದಿದ್ದರೆ ಬ್ಯಾಟರಿ ಉಬ್ಬಬಹುದು. ಜೊತೆಗೆ ನೋಡ್-ರೆಡ್‌ನಲ್ಲಿ ಒಂದು ಕಾವಲು ನೋಡ್ ಸೇರಿಸಿದೆ. ಗಡಿಯಾರ ಸರಿಯಿದೆ ಎಂದು ಖಚಿತವಾಗುವವರೆಗೆ ಬಿಂದುಗಳು ಸಾಲಿನಲ್ಲಿ ಕಾಯುತ್ತವೆ, ಭಂಡಾರದ ಬಾಗಿಲು ದಾಟುವುದಿಲ್ಲ. ನಿಮಿಷಕ್ಕೆ ಸರಿಹೊಂದಿಸುವ ಚಾಳಿಯನ್ನೂ ಬಿಟ್ಟೆ.

ದಿನದ ಲೆಕ್ಕದಲ್ಲೂ ಒಂದು ಕಿರಿಕಿರಿ ಇದೆ. ಇನ್‌ಫ್ಲಕ್ಸ್‌ಡಿಬಿ ಎಲ್ಲವನ್ನೂ ಯುಟಿಸಿಯಲ್ಲಿ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಹೊತ್ತಿನಲ್ಲಿ, ಇಡುತ್ತದೆ. ದಿನಕ್ಕೊಂದರಂತೆ ಕನಿಷ್ಠ ಉಷ್ಣಾಂಶ ಕೊಡು ಎಂದು ಕೇಳಿದರೆ ಅದರ ದಿನ ಆರಂಭವಾಗುವುದು ನಮ್ಮ ಬೆಳಗಿನ 5:30ಕ್ಕೆ. ನಮ್ಮ ಕೋಣೆ ಅತಿ ಹೆಚ್ಚು ತಣ್ಣಗಾಗುವುದೂ ಸರಿಯಾಗಿ ಆ ಹೊತ್ತಿಗೇ. ಒಂದೇ ಚಳಿ ಎರಡು ದಿನಗಳ ಲೆಕ್ಕಕ್ಕೆ ಸೇರುತ್ತಿತ್ತು. ನಾನು ಬಳಸುವ 1.8 ಆವೃತ್ತಿಯಲ್ಲಿ ಪ್ರಶ್ನೆಯ ಕೊನೆಗೆ ಏಷ್ಯಾ/ಕೋಲ್ಕತಾ ಎಂದು ಕಾಲವಲಯ ಸೇರಿಸಿದರೆ ಸರಿಹೋಗುತ್ತದೆ.

ನನ್ನ ಮನಸ್ಸು ಮತ್ತೆ ಇದರ ಕಡೆ ತಿರುಗಿದ್ದು ಅತ್ತೆಯ ನೋಟ್‌ಬುಕ್‌ಗಳಿಂದ. 2009ರಿಂದ 2019ರವರೆಗೆ ಅವರು ಪ್ರತಿ ಬೆಳೆಯಲ್ಲೂ ಒಣ ಬಲ್ಬ್, ಒದ್ದೆ ಬಲ್ಬ್ ಅಂಕಿಗಳನ್ನು ಗೀಟು ಹಾಕಿದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಇನ್‌ಫ್ಲಕ್ಸ್‌ಡಿಬಿಗೆ ಬಿಂದುಗಳು ಬರುವ ಕ್ರಮ ಮುಖ್ಯವಲ್ಲ. ಹಳೆಯ ಮುದ್ರೆಯೊಂದಿಗೆ ಇಂದು ಬಂದ ಬಿಂದುವನ್ನೂ ಅದರ ಜಾಗದಲ್ಲೇ ಕೂರಿಸುತ್ತದೆ. ಹಳೆಯದನ್ನು ಇಂತಿಷ್ಟು ದಿನಕ್ಕೆ ಅಳಿಸು ಎಂಬ ಮಿತಿಯನ್ನು ನಾವೇ ಹಾಕಿರಬಾರದು, ಅಷ್ಟೇ. ನನ್ನನ್ನು ಕಾಡಿದ ಗುಣವೇ ಈಗ ಕೆಲಸಕ್ಕೆ ಬಂತು. ತಪ್ಪು ಹೊತ್ತನ್ನು ಪ್ರಶ್ನಿಸದೆ ನಂಬಿದ ಭಂಡಾರ ಸರಿಯಾದ ಹಳೆಯ ಹೊತ್ತನ್ನೂ ಅಷ್ಟೇ ನಂಬಿಕೆಯಿಂದ ಸ್ವೀಕರಿಸಿತು.

ಆದರೆ ಅತ್ತೆ ಗಡಿಯಾರ ನೋಡಿ ಬರೆದವರಲ್ಲ. ತಾರೀಖಿನ ಮುಂದೆ ‘ಮೊದಲ ಸೊಪ್ಪು’, ‘ಮಧ್ಯಾಹ್ನದ ಸೊಪ್ಪು’, ‘ರಾತ್ರಿ ಸೊಪ್ಪು’ ಎಂದಷ್ಟೇ ಇತ್ತು. ಊಟವಾದ ಮೇಲೆ ಇಬ್ಬರೂ ಕುಳಿತೆವು. ಅವರು ಓದುತ್ತಿದ್ದರು, ನಾನು ತುಂಬುತ್ತಿದ್ದೆ. ‘ಇದು ಬೇಸಿಗೆಯ ಬೆಳೆ, ಆಗ ಆರಕ್ಕೇ ಸೊಪ್ಪು ಹಾಕುತ್ತಿದ್ದೆ. ಇದು ಮಾಗಿಯದು, ಏಳು ಎಂದು ಬರೆದುಕೋ.’ ಆ ಬಿಂದುಗಳಿಗೆಲ್ಲ ‘ಮೂಲ: ನೋಟ್‌ಬುಕ್’, ‘ಹೊತ್ತು: ಅಂದಾಜು’ ಎಂಬ ಎರಡು ಗುರುತುಚೀಟಿ ಅಂಟಿಸಿದೆ. ಅಂದಾಜನ್ನು ಅಂದಾಜು ಎಂದು ಹೇಳದೆ ಒಳಗೆ ಬಿಡುವ ಧೈರ್ಯ ಆ ಮಾಗಿಯ ನಂತರ ನನಗಿಲ್ಲ.

ಮೊದಲ ಸಲ ಕಳುಹಿಸಿದಾಗ ಯಾವ ಬಿಂದುವೂ ಕಾಣಿಸಲಿಲ್ಲ. ಹುಡುಕಿ ಹುಡುಕಿ ಕೊನೆಗೆ 1970ರ ಜನವರಿ 1ರ ಬೆಳಿಗ್ಗೆ 5:50ರಿಂದ 5:57ರೊಳಗೆ ಸಿಕ್ಕವು. ಹನ್ನೊಂದು ವರ್ಷಗಳ ಬೆಳೆಗಳು ಆರೇಳು ನಿಮಿಷದಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ಕಾರಣ ಸರಳ: ನಾನು ಎಚ್‌ಟಿಟಿಪಿ ನೋಡ್‌ನಿಂದ ಮಿಲಿಸೆಕೆಂಡ್ ಲೆಕ್ಕದ ಹೊತ್ತು ಕಳುಹಿಸಿದ್ದೆ, ಯಾವ ಲೆಕ್ಕ ಎಂದು ಹೇಳಿರಲಿಲ್ಲ. ಹೇಳದಿದ್ದರೆ ಇನ್‌ಫ್ಲಕ್ಸ್‌ಡಿಬಿ ಅದನ್ನು ನ್ಯಾನೊಸೆಕೆಂಡ್ ಎಂದೇ ಓದುತ್ತದೆ, ಲಕ್ಷಾಂತರ ಗಂಟೆಗಳು ನಿಮಿಷಗಳಾಗಿ ಕುಗ್ಗುತ್ತವೆ. ಕಂಪ್ಯೂಟರ್ ಹೊತ್ತನ್ನು ಎಣಿಸಲು ಆರಂಭಿಸುವ ಮೊದಲ ದಿನವೂ ಎಲ್ಲ ಕಡೆ ಒಂದೇ ಅಲ್ಲ. ಇಲ್ಲಿ ಅದು 1970ರ ಜನವರಿ 1, ಲ್ಯಾಬ್‌ವ್ಯೂನಲ್ಲಿ 1904ರ ಜನವರಿ 1. ಎರಡರ ನಡುವೆ 208,28,44,800 ಸೆಕೆಂಡ್‌ಗಳಿವೆ. ಒಂದರಿಂದ ಇನ್ನೊಂದಕ್ಕೆ ದಾಖಲೆ ಸಾಗಿಸುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಅಳಿಸಿ ಮತ್ತೆ ಕಳುಹಿಸಿದೆ. ಗ್ರಫಾನಾದಲ್ಲಿ 2009ರಿಂದ ಇಂದಿನವರೆಗೆ ಎಂದು ಅವಧಿ ಹಿಗ್ಗಿಸಿದಾಗ ಎಡಗಡೆ ಅತ್ತೆಯ ಬಿಂದುಗಳು ದಿನಕ್ಕೆ ಮೂರರಂತೆ ವಿರಳವಾಗಿ ಹರಡಿಕೊಂಡವು, ಬಲಗಡೆ ನನ್ನವು ದಟ್ಟವಾಗಿ ನಿಂತವು. ಮಾಗಿಯ ಬೆಳೆಗಳಲ್ಲಿ ಅವರ ಮೊದಲ ಸೊಪ್ಪಿನ ಅಂಕಿ ನನ್ನದಕ್ಕಿಂತ ಮೇಲೆಯೇ ಇತ್ತು. ಹೀಟರ್ ಇಲ್ಲದೆ ಅದು ಹೇಗಾಯಿತು ಎಂದು ಕೇಳಿದೆ. ಮಲಗುವ ಮುನ್ನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದರಂತೆ, ಬೆಳಗಿನವರೆಗೂ ಆರುತ್ತಿರಲಿಲ್ಲವಂತೆ. ಈ ಮಾಗಿಯಲ್ಲಿ ಗೋಣಿಚೀಲ ಕಟ್ಟಿದ್ದೇವೆ. ಹುಡುಗನಿಗೆ ಕೆಂಡ ಮುಚ್ಚುವುದನ್ನು ಅವರೇ ಕಲಿಸಿದರು.

2014ರಲ್ಲಿ ಒಂದು ಬೆಳೆಯ ನಡುವೆ ಒಂಬತ್ತು ದಿನ ಯಾವ ಬಿಂದುವೂ ಇರಲಿಲ್ಲ. ಗ್ರಫಾನಾ ಆ ಕಡೆಯಿಂದ ಈ ಕಡೆಗೆ ನೇರ ಗೆರೆ ಎಳೆದು ಜೋಡಿಸಿತ್ತು. ಅತ್ತೆ ಅಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಅದು ಮಾವ ಆಸ್ಪತ್ರೆಯಲ್ಲಿದ್ದ ದಿನಗಳು. ‘ಆಗ ನಾನು ಬರೆದಿಲ್ಲ. ಬರೆದಂತೆ ತೋರಿಸುವುದು ಬೇಡ’ ಎಂದರು. ಖಾಲಿ ಜಾಗಗಳನ್ನು ಜೋಡಿಸಬಾರದು ಎಂಬ ಆಯ್ಕೆ ಗ್ರಫಾನಾದಲ್ಲಿ ಇದೆ. ಅದನ್ನು ಒತ್ತಿದೆ. ಗೆರೆ ಅಲ್ಲಿ ಕಡಿದು, ಒಂಬತ್ತು ದಿನ ಬಿಟ್ಟು ಮತ್ತೆ ಆರಂಭವಾಯಿತು.